ಹಂಪಿಗೆ ಕ್ಯಾಮೆರಾ ಹೊತ್ತು ಹೊರಡುವ ಮುನ್ನ

ಹಂಪಿಗೆ ಹೋಗಿಬಂದವರು ತೋರಿಸುವ ಫೋಟೊಗಳಲ್ಲಿ ಹೆಚ್ಚಿನವು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ತೆಗೆದವು. ಹೊಸಪೇಟೆಯಲ್ಲಿ ರೈಲು ಇಳಿದು, ಕೋಣೆ ಹಿಡಿದು, ಸ್ನಾನ ತಿಂಡಿ ಮುಗಿಸಿ, ಆಟೊ ಗೊತ್ತು ಮಾಡಿಕೊಂಡು ಹದಿಮೂರು ಕಿಲೋಮೀಟರ್ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ. ಆ ಹೊತ್ತಿನಲ್ಲಿ ಬಂಡೆಗಳಿಗೆಲ್ಲ ಒಂದೇ ಬೂದು ಬಣ್ಣ, ಆಕಾಶ ಬಿಳಿ, ಗೋಪುರದ ಗೊಂಬೆಗಳ ಕಣ್ಣಿನ ಕೆಳಗೆ ಕಪ್ಪು ನೆರಳು. ಅದೇ ಬಂಡೆಗಳು ಬೆಳಗಿನ ಏಳಕ್ಕೂ ಸಂಜೆ ಐದೂವರೆಗೂ ಕೆಂಪಗೆ ಕಾಣುತ್ತವೆ. ಹಾಗಾಗಿ ಇಲ್ಲಿ ಸ್ಥಳಗಳ ಪಟ್ಟಿ ಕೊಡುತ್ತಿಲ್ಲ. ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ, ಆ ಮುಖಕ್ಕೆ ಬಿಸಿಲು ಯಾವಾಗ ಬೀಳುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಫೋಟೊ ಬೇಕಿದ್ದವರಿಗೆ ಪ್ರವಾಸದ ವೇಳಾಪಟ್ಟಿ ಇದರಿಂದಲೇ ಹುಟ್ಟಬೇಕು.

ಮೊದಲು ಕಾಲದ ಮಾತು. ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ತಂಪು ಅದಕ್ಕೆ ಒಂದು ಕಾರಣ ಮಾತ್ರ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ, ದಕ್ಷಿಣದ ಕಡೆ ವಾಲಿಕೊಂಡೇ ಸಾಗಿ ನೈಋತ್ಯದಲ್ಲಿ ಮುಳುಗುತ್ತಾನೆ. ಮಧ್ಯಾಹ್ನವೂ ಬಿಸಿಲು ನೇರ ತಲೆಯ ಮೇಲೆ ಬೀಳದೆ ಓರೆಯಾಗಿಯೇ ಇರುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ಬೇಸಿಗೆಯ ಲೆಕ್ಕವೇ ಬೇರೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ಹಂಪಿಯಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವಿನ ದಿನಗಳಲ್ಲಿ ಉತ್ತರಕ್ಕೆ ಸರಿದಿರುತ್ತಾನೆ. ವರ್ಷದ ಉಳಿದ ಕಾಲವೆಲ್ಲ ನಡುಹಗಲಿಗೆ ನೆರಳಿನಲ್ಲಿರುವ ಉತ್ತರದ ಗೋಡೆಗಳಿಗೆ ಆ ಹೊತ್ತಿನ ಬಿಸಿಲು ಸಿಗುವುದು ಆಗಲೇ. ಅಪರೂಪದ ಚಿತ್ರ ಬೇಕೆನ್ನುವವರು ಜೂನಿನಲ್ಲೂ ಹೋಗಬಹುದು, ಸೆಕೆ ತಡೆಯುವ ದೇಹ ಇದ್ದರೆ. ಡಿಸೆಂಬರಿನಲ್ಲಿ ಸೂರ್ಯೋದಯ 6.45ರ ಆಸುಪಾಸು, ಅಸ್ತ 6ಕ್ಕೆ. ಜೂನಿನಲ್ಲಿ 6ಕ್ಕೆ ಮುಂಚೆಯೇ ಬೆಳಕು ಹರಿದು, ಸಂಜೆ 7ರವರೆಗೆ ಇರುತ್ತದೆ.

ನನ್ನನ್ನು ಕೇಳಿದರೆ ಮಳೆಗಾಲದ ಮೋಡವೇ ಎಲ್ಲಕ್ಕಿಂತ ಮೇಲು. ಈ ಭಾಗಕ್ಕೆ ಮಲೆನಾಡಿನಂಥ ಜಡಿಮಳೆ ಬರುವುದಿಲ್ಲ. ಒಂದು ಹನಿಮಳೆ ಬಂದು ಹೋದ ಮೇಲೆ ಧೂಳು ಕುಳಿತು, ತೊಯ್ದ ಬಂಡೆಯ ಬಣ್ಣ ಗಾಢವಾಗಿ, ಮೋಡದ ಸಂದಿಯಿಂದ ಬಿಸಿಲು ಒಂದೇ ಗುಡ್ಡದ ಮೇಲೆ ಬೀಳುವ ಹತ್ತು ನಿಮಿಷವಿದೆಯಲ್ಲ, ಅದಕ್ಕೆ ಚಳಿಗಾಲದ ಯಾವ ನೀಲಿ ಆಕಾಶವೂ ಸಾಟಿಯಿಲ್ಲ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹೊಳೆಯ ಪಕ್ಕದ ಪುರಂದರದಾಸರ ಮಂಟಪ ಮುಳುಗುತ್ತದೆ. ಆ ದಿನಗಳಲ್ಲಿ ಹರಿಗೋಲು, ದೋಣಿ ಎರಡೂ ನಿಂತಿರುತ್ತವೆ. ಫೋಟೊ ಆಸೆಗೆ ಹೊಳೆಯ ಅಂಚಿಗೆ ಇಳಿಯಬೇಡಿ. ನೀರಿನ ಮಟ್ಟ ಹೇಳಿ ಕೇಳಿ ಏರುವುದಿಲ್ಲ.

ಬೆಳಗ್ಗೆಯೆಂದರೆ ಮಾತಂಗ ಬೆಟ್ಟ. ಹತ್ತಲು ಅರ್ಧ ಗಂಟೆಯಾದರೂ ಬೇಕು, ಆದ್ದರಿಂದ ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಬುಡದಲ್ಲಿರಿ. ಟಾರ್ಚ್ ಬೇಕೇ ಬೇಕು, ಜೊತೆಗೊಬ್ಬರು ಇರಲಿ. ಕತ್ತಲಲ್ಲಿ ಒಬ್ಬರೇ ಹತ್ತುವ ಸಾಹಸ ಬೇಡ. ಮೇಲೆ ವೀರಭದ್ರನ ಗುಡಿಯ ಮಾಳಿಗೆಯ ಹತ್ತಿರ ಎಲ್ಲರೂ ಪೂರ್ವಕ್ಕೆ ಮೊಬೈಲು ಹಿಡಿದು ನಿಂತಿರುತ್ತಾರೆ. ಸೂರ್ಯ ಎಲ್ಲ ಊರಲ್ಲೂ ಹುಟ್ಟುತ್ತಾನೆ. ನೀವು ಅವನಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ತಿರುಗಿ. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಪೂರ್ವಾಭಿಮುಖವಾಗಿದೆ, ಸುಮಾರು 50 ಮೀಟರ್ ಎತ್ತರ. ಕೆಳಗಿನ ತೇರುಬೀದಿ ಇನ್ನೂ ನೆರಳಿನಲ್ಲಿರುವಾಗಲೇ ಗೋಪುರದ ತುದಿಗೆ ಮೊದಲ ಬಿಸಿಲು ತಗಲಿ, ಒಂದೊಂದೇ ಅಂತಸ್ತು ಕೆಳಗಿಳಿಯುತ್ತದೆ. ಈ ಚಿತ್ರಕ್ಕೆ 70–200ರಂಥ ಟೆಲಿ ಲೆನ್ಸ್ ಬೇಕು. ಅದಾದ ಮೇಲೆ ಬೆಟ್ಟದ ಇನ್ನೊಂದು ಬದಿಗೆ ಬಂದು ಕೆಳಗೆ ನೋಡಿದರೆ ಅಚ್ಯುತರಾಯ ದೇವಸ್ಥಾನ. ಅದರ ಪ್ರಾಕಾರ, ಗೋಪುರಗಳು, ಮುಂದಿನ ಉದ್ದನೆಯ ಬಜಾರು ನಕ್ಷೆ ಹಾಸಿದಂತೆ ಬಿದ್ದಿರುತ್ತವೆ. ಕಂಬಗಳ ಉದ್ದ ನೆರಳು ಇರುವುದು ಸೂರ್ಯೋದಯದ ನಂತರ ಒಂದು ತಾಸು ಮಾತ್ರ. ಹಂಪಿಯಲ್ಲಿ ಒಂದೇ ಬೆಳಗು ಸಿಕ್ಕರೂ ಅದನ್ನು ಇಲ್ಲೇ ಕಳೆಯಿರಿ. ಇಲ್ಲಿಂದ ಇಳಿದು ಇನ್ನೊಂದು ಗುಡ್ಡಕ್ಕೆ ಓಡುವ ಆತುರ ಬೇಡ.

ಇಳಿದ ಮೇಲೆ ಉಗ್ರನರಸಿಂಹನ ಕಡೆ ಹೋಗಬಹುದು. 1528ರಲ್ಲಿ ಕೃಷ್ಣದೇವರಾಯ ಒಂದೇ ಬಂಡೆಯಲ್ಲಿ ಕಡೆಸಿದ, 6.7 ಮೀಟರ್ ಎತ್ತರದ ಈ ಮೂರ್ತಿಯ ಮುಖವೂ ಪೂರ್ವಕ್ಕೆ. ಎಂಟು ಗಂಟೆಯ ಸುಮಾರಿಗೆ ಉಬ್ಬುಗಣ್ಣು, ಹೆಡೆಗಳ ಅಂಚು ಎಲ್ಲ ತೆರೆದುಕೊಳ್ಳುತ್ತವೆ. ಮಧ್ಯಾಹ್ನದ ಮೇಲೆ ಬೆಳಕು ಬೆನ್ನ ಹಿಂದೆ ಹೋಗಿ ನರಸಿಂಹ ಕಪ್ಪಾಗುತ್ತಾನೆ.

ಈಗ ಟಿಕೆಟ್ಟಿನ ಲೆಕ್ಕ. ಬೆಟ್ಟ, ಬಜಾರು, ಹೊಳೆಯ ದಂಡೆ, ಹೇಮಕೂಟಕ್ಕೆಲ್ಲ ಟಿಕೆಟ್ ಇಲ್ಲ. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲು ಇರುವ ರಾಣಿವಾಸದ ಆವರಣ ಮತ್ತು ಕಮಲಾಪುರದ ವಸ್ತುಸಂಗ್ರಹಾಲಯ, ಈ ಮೂರಕ್ಕೂ ಸೇರಿ ಒಂದೇ ಟಿಕೆಟ್, ಆ ದಿನಕ್ಕೆ ಮಾತ್ರ. ವಿಠ್ಠಲ ಗುಡಿಯ ಗೇಟು ತೆರೆಯುವುದು ಸಾಮಾನ್ಯವಾಗಿ 8.30ರ ಹೊತ್ತಿಗೆ, ಅಂದರೆ ಮೊದಲ ಬೆಳಕು ಕೈಬಿಟ್ಟು ಹೋಗಿರುತ್ತದೆ. ಆದರೂ ಬಾಗಿಲು ತೆರೆದ ಕೂಡಲೇ ಒಳಹೊಕ್ಕವರಿಗೆ ಎರಡು ಲಾಭ: ಬಸ್ಸುಗಳು ಬಂದಿರುವುದಿಲ್ಲ, ಚಳಿಗಾಲವಾದರೆ ಬಿಸಿಲು ಇನ್ನೂ ಓರೆಯಾಗಿಯೇ ಇರುತ್ತದೆ. ಕಲ್ಲಿನ ರಥ ಪೂರ್ವ–ಪಶ್ಚಿಮವಾಗಿ ನಿಂತಿರುವುದರಿಂದ ಡಿಸೆಂಬರ್, ಜನವರಿಯ ಬಿಸಿಲು ಅದರ ದಕ್ಷಿಣದ ಗಾಲಿಗಳನ್ನು ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಗಾಲಿಯ ಹೂಬಳ್ಳಿಯನ್ನು ಹತ್ತಿರದಿಂದ ತೆಗೆಯಲು ಇದೇ ಸಮಯ. ಐವತ್ತು ರೂಪಾಯಿ ನೋಟಿನಲ್ಲಿ ಈ ರಥ ಇದೆಯಲ್ಲ, ನೋಟು ಹಿಡಿದು ರಥದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ಹತ್ತು ಗಂಟೆಗೆ ಶುರುವಾಗುತ್ತದೆ. ಗೇಟಿನಿಂದ ಗುಡಿಯವರೆಗಿನ ಒಂದು ಕಿಲೋಮೀಟರಿಗೆ ಬ್ಯಾಟರಿ ಗಾಡಿ ಇದೆ, ಆದರೆ ನಡೆದು ಹೋದರೆ ದಾರಿ ಬದಿಯ ಕುದುರೆ ಗೊಂಬೆ ಮಂಟಪ, ಪುಷ್ಕರಣಿ ಸಿಗುತ್ತವೆ.

ಅದೇ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ನಾಲ್ಕರ ನಂತರ ರಾಣಿವಾಸದ ಕಡೆ ಬನ್ನಿ. ಸಾಲಾಗಿ 11 ಗುಮ್ಮಟಗಳಿರುವ ಆನೆಲಾಯದ ಮುಖ ಪಶ್ಚಿಮಕ್ಕಿದೆ, ಎದುರಿಗೆ ಬಯಲು. ಇಳಿಬಿಸಿಲು ಅಷ್ಟೂ ಕಮಾನುಗಳೊಳಕ್ಕೆ ನೇರವಾಗಿ ನುಗ್ಗುತ್ತದೆ. ಬೆಳಗ್ಗೆ ಬಂದವರಿಗೆ ಸಿಗುವುದು ನೆರಳಿನಲ್ಲಿ ಮಲಗಿದ ಗೋಡೆ. ಇಲ್ಲೇ ಒಂದು ಎಚ್ಚರಿಕೆ: ಆಟೊದವರ ರೂಢಿಯ ಸುತ್ತು ಅವರ ಡೀಸೆಲ್ಲಿಗೆ ಅನುಕೂಲವಾಗುವಂತೆ ಇರುತ್ತದೆ, ನಿಮ್ಮ ಬೆಳಕಿಗಲ್ಲ. ಸುತ್ತಿನಲ್ಲಿ ಆನೆಲಾಯ ಎಷ್ಟೋ ಸಲ ಬೆಳಗ್ಗೆಯೇ ಬಂದುಬಿಡುತ್ತದೆ. ಇಡೀ ದಿನಕ್ಕೆ ಗುತ್ತಿಗೆ ಮಾತಾಡುವ ಬದಲು ಬೆಳಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ ಎಂದು ಮೊದಲೇ ಹೇಳಿ ಬಾಡಿಗೆ ಗೊತ್ತು ಮಾಡಿ. ಬಾಡಿಗೆ ಸೈಕಲ್ಲೂ ಸ್ಕೂಟರೂ ಸಿಗುತ್ತವೆ.

ಮಧ್ಯಾಹ್ನ ಏನು ಮಾಡಬೇಕು? ಮಲಗಬಹುದು, ತಪ್ಪಿಲ್ಲ. ಆದರೆ ಒಳಾಂಗಣಗಳಿಗೂ ತಗ್ಗಿನಲ್ಲಿರುವ ರಚನೆಗಳಿಗೂ ಆ ಬಿಸಿಲೇ ಬೇಕು. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಕಪ್ಪುಛಾಯೆಯ ಕಲ್ಲಿನ ಆ ತ್ರಿಕೋನ ಮೆಟ್ಟಿಲುಗಳಿಗೆ ಮೇಲಿನಿಂದ ಬೀಳುವ ಬಿಸಿಲಿನಲ್ಲಿ ಗೆರೆ ಹೊಡೆದಂಥ ನೆರಳು ಮೂಡುತ್ತದೆ. ಬೆಳಗ್ಗೆ, ಸಂಜೆ ಗುಂಡಿ ಅರ್ಧ ಕತ್ತಲಾಗಿರುತ್ತದೆ. ರಾಣಿ ಸ್ನಾನಗೃಹದ ಮೊಗಸಾಲೆಯಲ್ಲೂ ಹೀಗೆಯೇ, ನಡುವಿನ ಕೊಳದಿಂದ ಪುಟಿದ ಬೆಳಕು ಕಮಾನುಗಳ ಗಾರೆಯನ್ನು ಮೆತ್ತಗೆ ಬೆಳಗುತ್ತದೆ. ಹಜಾರ ರಾಮ ಗುಡಿಯೊಳಗಿನ ನಾಲ್ಕು ಕರಿಕಲ್ಲಿನ ಕಂಬಗಳ ಮುಂದೆ ಕ್ಯಾಮೆರಾ ಮೋಸ ಹೋಗುತ್ತದೆ. ಕಪ್ಪನ್ನು ಕತ್ತಲೆಯೆಂದು ತಿಳಿದು ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ. ಮೊಬೈಲಾದರೆ ಕಂಬದ ಮೇಲೆ ಬೆರಳೊತ್ತಿ ಹಿಡಿದು ಕೆಳಗೆ ಜಾರಿಸಿ.

ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನಡುಹಗಲಿಗೇ ಇಟ್ಟುಕೊಳ್ಳಿ. ಅಲ್ಲಿ ಗುಡ್ಡ, ಹೊಳೆ, ಗುಡಿಗಳೆಲ್ಲ ಇರುವ ಇಡೀ ಹಂಪಿಯ ದೊಡ್ಡ ಮಾದರಿಯೊಂದಿದೆ. ಸಂಜೆ ಎಲ್ಲಿ ನಿಂತರೆ ಯಾವ ಗುಡ್ಡದ ಹಿಂದೆ ಸೂರ್ಯ ಹೋಗುತ್ತಾನೆ ಎಂದು ಅದರ ಸುತ್ತ ನಡೆದರೇ ತಿಳಿಯುತ್ತದೆ. ಶುಕ್ರವಾರ ರಜೆ.

ಹಂಪಿಯಲ್ಲಿ ಛಾಯಾಗ್ರಾಹಕರು ತಪ್ಪದೆ ನೋಡಬೇಕಾದ ಬೆಳಕು ವಿರೂಪಾಕ್ಷ ಗುಡಿಯ ಹಿಂಭಾಗದ ಒಂದು ಕತ್ತಲೆ ಕೋಣೆಯಲ್ಲಿದೆ. ಗೋಡೆಯ ಸಣ್ಣ ಕಿಂಡಿಯ ಮೂಲಕ ಬರುವ ಬೆಳಕು ಎದುರುಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಜನ ನೆರಳು ಎನ್ನುತ್ತಾರೆ, ನಿಜದಲ್ಲಿ ಅದು ಬಿಂಬ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ದಾಟಿ ಕೆಳಗೂ, ಬುಡದಿಂದ ಹೊರಟದ್ದು ಮೇಲಕ್ಕೂ ಹೋಗಿ ಬೀಳುತ್ತವೆ. ಲೆನ್ಸ್ ಇಲ್ಲದ ಕ್ಯಾಮೆರಾದೊಳಗೆ ನೀವೇ ನಿಂತಂತೆ. ಬಿಸಿಲು ಚುರುಕಾಗಿದ್ದರೆ ಬಿಂಬ ಸ್ಪಷ್ಟ, ಮೋಡವಿದ್ದರೆ ಮಂಕು. ಫ್ಲ್ಯಾಷ್ ಹೊಡೆದರೆ ಖಾಲಿ ಗೋಡೆಯಷ್ಟೇ ಬರುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಬಕ್ಕೋ ಗೋಡೆಗೋ ಕೈ ಒರಗಿಸಿ, ಮೊಬೈಲಿನ ನೈಟ್ ಮೋಡ್‌ನಲ್ಲಿ ತೆಗೆಯಿರಿ. ಇದೇ ಗುಡಿಯ ರಂಗಮಂಟಪದ ಛಾವಣಿಯಲ್ಲಿ ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದನ, ವಿದ್ಯಾರಣ್ಯರ ಮೆರವಣಿಗೆಯ ವರ್ಣಚಿತ್ರಗಳಿವೆ. ಅಂಗಳದ ಹಾಸುಗಲ್ಲಿಗೆ ಬಿಸಿಲು ಬಿದ್ದು ಪುಟಿಯುವಾಗ ಅವುಗಳ ಬಣ್ಣ ತಾನಾಗಿ ಎದ್ದು ಬರುತ್ತದೆ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಅದಕ್ಕೆ ಮುಂಚೆ ಹೋಗಿ. ಇದು ಪೂಜೆ ನಡೆಯುವ ದೇವಸ್ಥಾನ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವಂತಿಲ್ಲ.

ಇಲ್ಲಿ ಕ್ಯಾಮೆರಾದ ಚರಿತ್ರೆಯೂ ಹಳೆಯದು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ; ಇಂದು ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು. ಹೊರಡುವ ಮುನ್ನ ಗ್ರೀನ್‌ಲಾನ ಒಂದೆರಡು ಚಿತ್ರ ನೋಡಿಕೊಂಡು ಹೋದರೆ, ಎಲ್ಲಿ ನಿಲ್ಲಬೇಕೆಂಬುದರಲ್ಲಿ ಅವನು ಒಳ್ಳೆಯ ಮೇಷ್ಟ್ರು. ಮೂರು ಕಾಲಿನ ಸ್ಟ್ಯಾಂಡ್ ಇಟ್ಟು ನಿಮಿಷಗಟ್ಟಲೆ ಕಾಯುವ ಅವನ ಅನುಕೂಲ ನಮಗಿಲ್ಲ. ಸಂರಕ್ಷಿತ ಸ್ಮಾರಕಗಳೊಳಗೆ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ಮಡಿಸಿದ ಟವೆಲ್ಲೊಂದನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಸಾಕಷ್ಟು ಕೆಲಸ ನಡೆಯುತ್ತದೆ. ಕಂಬ ಹತ್ತುವುದು, ವಿಠ್ಠಲ ಗುಡಿಯ ಸಂಗೀತದ ಕಂಬ ಬಡಿಯುವುದು, ರಥ ಮುಟ್ಟುವುದು ಯಾವ ಫೋಟೊಗಾಗಿಯೂ ಬೇಡ.

ಸಂಜೆಗೆ ಹೇಮಕೂಟ ಎಂದು ಎಲ್ಲರೂ ಕಳಿಸುತ್ತಾರೆ. ಅಲ್ಲಿನ ಸೂರ್ಯಾಸ್ತಕ್ಕೆ ಸಿಕ್ಕಿರುವ ಹೆಸರು ಸ್ವಲ್ಪ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ; ಚೌಕಟ್ಟಿನಲ್ಲಿ ಬರುವುದು ಹೆಚ್ಚಾಗಿ ಜನರ ತಲೆಗಳೇ. ಅಲ್ಲೂ ಬೆನ್ನು ತಿರುಗಿಸುವುದೇ ಉಪಾಯ. ಗುಡ್ಡದ ಮೇಲಿನ ಸಣ್ಣ ಗುಡಿಗಳ ಮೆಟ್ಟಿಲು ಮೆಟ್ಟಿಲಾದ ಶಿಖರಗಳು, ಅವುಗಳಾಚೆ ಕೆಳಗೆ ವಿರೂಪಾಕ್ಷನ ಗೋಪುರದ ಪಶ್ಚಿಮದ ಮೈ, ಎಲ್ಲಕ್ಕೂ ಆಗ ಕೆಂಬಿಸಿಲು. ಗದ್ದಲ ಬೇಡವಾದರೆ ಮಾಲ್ಯವಂತ ರಘುನಾಥನ ಗುಡ್ಡಕ್ಕೆ ಹೋಗಿ. ರಸ್ತೆ ಮೇಲಿನವರೆಗೂ ಇದೆ, ವಯಸ್ಸಾದವರೂ ಬರಬಹುದು.

ಇನ್ನೊಂದು ದಿನವಿದ್ದರೆ ಹೊಳೆಯಾಚೆ. ಬುಕ್ಕಸಾಗರ–ಕಡೆಬಾಗಿಲು ಸೇತುವೆ ದಾಟಿದರೆ ಆನೆಗೊಂದಿ. ಬಂಡೆಗುಡ್ಡಗಳ ನಡುವೆ ಭತ್ತದ ಗದ್ದೆ, ಬಾಳೆ, ತೆಂಗು. ನಾಟಿಗೆ ಮುನ್ನ ನೀರು ನಿಲ್ಲಿಸಿದ ಗದ್ದೆಯಲ್ಲಿ ಗುಡ್ಡವೂ ಆಕಾಶವೂ ಮೂಡುತ್ತವೆ. ಬದುವಿನ ಮೇಲೆ ಕಾಲಿಡುವ ಮುಂಚೆ ಗದ್ದೆಯವರನ್ನು ಒಂದು ಮಾತು ಕೇಳಿ. ಅಲ್ಲಿನ ಅಂಜನಾದ್ರಿ ಬೆಟ್ಟವನ್ನು ಶನಿವಾರ ಹತ್ತಬೇಡಿ, ಐನೂರಕ್ಕೂ ಹೆಚ್ಚು ಮೆಟ್ಟಿಲಿನುದ್ದಕ್ಕೂ ಭಕ್ತರ ಸಾಲಿರುತ್ತದೆ.

ಜನರ ಫೋಟೊ ತೆಗೆಯುವಾಗ ಮಾತು ಮೊದಲು, ಕ್ಯಾಮೆರಾ ಆಮೇಲೆ. ಬೆಳಗ್ಗೆ ವಿರೂಪಾಕ್ಷ ಗುಡಿಯ ಆನೆ ಹೊಳೆಗೆ ಇಳಿಯುವಾಗ ಸೋಪಾನದಲ್ಲಿ ಒಳ್ಳೆಯ ಎದುರುಬೆಳಕು ಇರುತ್ತದೆ, ಮಕ್ಕಳೂ ಮಾವುತರೂ ಫೋಟೊಗೆ ಬೇಸರಿಸುವುದಿಲ್ಲ. ಆದರೆ ಅದೇ ಸೋಪಾನದಲ್ಲಿ ದೂರದೂರಿನ ಹೆಣ್ಣುಮಕ್ಕಳು ಮಿಂದು ಸೀರೆ ಒಣಗಿಸುತ್ತಿರುತ್ತಾರೆ. ಆ ಕಡೆ ಟೆಲಿ ಲೆನ್ಸ್ ತಿರುಗಿಸುವವರಿಗೆ ಊರವರು ಬೈದರೆ ಅದು ನ್ಯಾಯವೇ. ಹೂವು, ಬಳೆ ಮಾರುವವರ ಚಿತ್ರ ಬೇಕಿದ್ದರೆ ಏನಾದರೂ ಕೊಂಡು, ಕೇಳಿ ತೆಗೆಯಿರಿ.

ಚೀಲದಲ್ಲಿ ಎರಡು ಲೀಟರ್ ನೀರು, ಟೋಪಿ, ಒಂದು ಹೆಚ್ಚುವರಿ ಬ್ಯಾಟರಿ, ಲೆನ್ಸ್ ಒರೆಸುವ ಬಟ್ಟೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬಾಳೆಹಣ್ಣು ಹಿಡಿಯಬೇಡಿ, ಕೋತಿಗಳು ಕವರಿನ ಜೊತೆ ಕ್ಯಾಮೆರಾ ಪಟ್ಟಿಯನ್ನೂ ಎಳೆಯುತ್ತವೆ. ಬೆಳಗಿನ ಬೆಳಕು ಬೇಕಾದರೆ ಹೊಸಪೇಟೆಯ ಬದಲು ಕಮಲಾಪುರದಲ್ಲೋ ಹಂಪಿಯಲ್ಲೋ ಉಳಿಯಿರಿ, ಅಲ್ಲಿಂದ ಮಾತಂಗ ಹತ್ತಿರ. ಎರಡು ರಾತ್ರಿ ಉಳಿಯಲು ಬಿಡುವಿಲ್ಲದಿದ್ದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ, ಬಿಡುವಾದಾಗ ಬನ್ನಿ.