ಮಾನವ ವಿಕಾಸ ಮತ್ತು ರಾಜಕೀಯ ವ್ಯವಸ್ಥೆ

• ಹಿನ್ನೆಲೆ: ಹೋಮೋ ಸೇಪಿಯನ್ಸ್ ಪ್ರಭೇದಕ್ಕೆ ಸುಮಾರು 3 ಲಕ್ಷ ವರ್ಷ, ಕೃಷಿಗೆ ಸುಮಾರು 12,000 ವರ್ಷ. ಕೃಷಿಗೂ ಮುಂಚೆ ಬೇಟೆ, ಆಹಾರ ಸಂಗ್ರಹಣೆಯ ಸಣ್ಣ ಗುಂಪುಗಳ ಬದುಕು.

• ಪ್ರೈಮೇಟ್ ತಜ್ಞ ಫ್ರಾನ್ಸ್ ಡಿ ವಾಲ್ (‘ಚಿಂಪಾಂಜಿ ಪಾಲಿಟಿಕ್ಸ್’, 1982): ನೆದರ್ಲೆಂಡ್ಸ್‌ನ ಮೃಗಾಲಯವೊಂದರಲ್ಲಿ ಮನುಷ್ಯನ ಹತ್ತಿರದ ಸಂಬಂಧಿಗಳಾದ ಚಿಂಪಾಂಜಿಗಳ ನಡುವೆ ಅಧಿಕಾರಕ್ಕಾಗಿ ನಡೆಯುವ ಮೈತ್ರಿಗಳನ್ನು ದಾಖಲಿಸಿದರು.

• ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಬೋಹ್ಮ್ (‘ಹೈರಾರ್ಕಿ ಇನ್ ದಿ ಫಾರೆಸ್ಟ್’, 1999): ಅಲೆಮಾರಿ ಬೇಟೆಗಾರ ಗುಂಪುಗಳಲ್ಲಿ ದರ್ಪ ತೋರುವವನನ್ನು ಉಳಿದವರು ಒಗ್ಗೂಡಿ ಟೀಕೆ, ಅಪಹಾಸ್ಯ, ಬಹಿಷ್ಕಾರಗಳಿಂದ ಹದ್ದುಬಸ್ತಿನಲ್ಲಿಡುತ್ತಾರೆ. ಇದೇ ‘ಹಿಮ್ಮುಖ ಪ್ರಾಬಲ್ಯ ಶ್ರೇಣಿ’.

• ಕೃಷಿಯ ನಂತರ: ಧಾನ್ಯ ಸಂಗ್ರಹ, ಜನಸಂಖ್ಯೆ ಹೆಚ್ಚಿದಂತೆ ತೆರಿಗೆ, ಸೈನ್ಯ, ರಾಜಪ್ರಭುತ್ವಗಳು ಬೆಳೆದವು.

• ನೆನಪಿಡಿ: ಪ್ರಾಬಲ್ಯದ ಆಸೆ, ಅದನ್ನು ತಡೆಯುವ ಒಗ್ಗಟ್ಟು ಎರಡೂ ಮನುಷ್ಯನಲ್ಲಿವೆ. ವಿಕಾಸವು ಯಾವ ಸರ್ಕಾರವನ್ನೂ ಅನಿವಾರ್ಯಗೊಳಿಸುವುದಿಲ್ಲ. ಪ್ರಬಂಧ ಉತ್ತರದಲ್ಲಿ ಇತಿಹಾಸ, ಸಂಸ್ಕೃತಿ, ಸಂಸ್ಥೆಗಳ ಪಾತ್ರವನ್ನೂ ಬರೆಯಿರಿ.