ಹೊಲದ ಮಣ್ಣೂ ಕಡಲ ಅಳಿವೆಯೂ

ಮುಂಗಾರಿನ ಬಿರುಮಳೆಗಳು ಬಿದ್ದೊಡನೆ ಹರಿಹರದ ಸೇತುವೆಯ ಕೆಳಗೆ ತುಂಗಭದ್ರೆಯು ಕೆಂಪಾಗಿ ಹರಿಯುವುದನ್ನು ಈ ಪ್ರಾಂತದ ರೈತರೆಲ್ಲರೂ ಕಂಡಿರುವರು. ಈ ಬಣ್ಣವು ನೀರಿನದಲ್ಲ. ಮಲೆನಾಡಿನ ಇಳಿಜಾರುಗಳಿಂದಲೂ, ದಾವಣಗೆರೆ ಹರಿಹರಗಳ ಸುತ್ತಣ ಹೊಲಗಳಿಂದಲೂ ಹಳ್ಳಗಳ ಮೂಲಕ ಕೊಚ್ಚಿಬಂದ ಮೇಲ್ಮಣ್ಣಿನದು. ಈ ಮಣ್ಣು ಎಲ್ಲಿಗೆ ಹೋಗಿ ಸೇರುತ್ತದೆ, ಅದರಿಂದ ಯಾರಿಗೆ ಪ್ರಯೋಜನವೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿಯುವುದು ಅವಶ್ಯಕವು.

ನೀರಿನ ವೇಗವು ಹೆಚ್ಚಾಗಿರುವವರೆಗೆ ಮರಳೂ ಜೇಡಿಯೂ ಅದರೊಡನೆ ಸಾಗುವವು. ವೇಗವು ಕುಂದಿದಲ್ಲಿ ಮೊದಲು ಮರಳು, ಅನಂತರ ನಯವಾದ ಗೋಡು, ಕಡೆಗೆ ಜೇಡಿ ತಳಕ್ಕಿಳಿಯುವುವು. ಜೇಡಿಯ ಕಣಗಳು ಅತಿ ಸೂಕ್ಷ್ಮವಾದವು. ಅವುಗಳಲ್ಲಿ ಒಂದೇ ಬಗೆಯ ವಿದ್ಯುದಂಶವಿದ್ದು, ಒಂದನ್ನೊಂದು ದೂಡುವುದರಿಂದ ಸಿಹಿನೀರಿನಲ್ಲಿ ಬಹುಕಾಲ ತೇಲುತ್ತಿರುವವು. ನದಿಯು ಸಮುದ್ರವನ್ನು ಸೇರುವ ಅಳಿವೆಯಲ್ಲಿ ಉಪ್ಪುನೀರು ಬೆರೆತೊಡನೆ ಆ ದೂಡುವ ಶಕ್ತಿಯು ಕುಂದಿ, ಕಣಗಳು ಗರಣೆಗಟ್ಟಿ ಕೆಳಗಿಳಿಯುವವು. ಎರಡು ಗಾಜಿನ ಲೋಟಗಳಲ್ಲಿ ಕದಡಿದ ಹೊಳೆಯ ನೀರನ್ನು ತುಂಬಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪನ್ನು ಬೆರೆಸಿಟ್ಟರೆ, ಉಪ್ಪು ಬಿದ್ದ ನೀರು ಮೊದಲು ತಿಳಿಯಾಗುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಹೀಗೆ ಇಳಿದ ಮಣ್ಣಿನಿಂದಲೇ ಅಳಿವೆಯ ಕೆಸರುಬಯಲುಗಳು ಉಂಟಾಗುವವು. ಅಲ್ಲಿ ಬೇರೂರುವ ಕಾಂಡ್ಲಾ ಗಿಡಗಳು ಸೀಗಡಿ, ಏಡಿ, ಮೀನುಮರಿಗಳಿಗೆ ಆಶ್ರಯವನ್ನು ಕೊಟ್ಟು, ದಡವನ್ನು ಅಲೆಗಳಿಂದ ಕಾಯುವವು.

ತುಂಗಭದ್ರೆಯು ಕೃಷ್ಣೆಯನ್ನು ಕೂಡಿ, ಆಂಧ್ರದ ತೀರದಲ್ಲಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಆದರೆ ಇಲ್ಲಿಯ ಮಣ್ಣಿನ ಬಹುಭಾಗವು ಈಗ ಅಲ್ಲಿಗೆ ಮುಟ್ಟುವುದಿಲ್ಲ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುವಂತಿದ್ದಿತು, ಹೂಳು ತುಂಬಿದುದರಿಂದ 2016ರ ಅಳತೆಯಲ್ಲಿ ಅದು ಸುಮಾರು 106 ಟಿ.ಎಂ.ಸಿ.ಗೆ ಇಳಿದಿದ್ದಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮುಂದೆ ಕೃಷ್ಣೆಗೆ ನಾಗಾರ್ಜುನಸಾಗರ, ಶ್ರೀಶೈಲ ಮೊದಲಾದ ಅಣೆಕಟ್ಟುಗಳಿವೆ. ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಕೃಷ್ಣೆಯು ವರ್ಷಕ್ಕೆ ಕಡಲಿನತ್ತ ಒಯ್ಯುತ್ತಿದ್ದ ಮಣ್ಣು 1966–69ರಲ್ಲಿ ಸುಮಾರು 90 ಲಕ್ಷ ಟನ್ನುಗಳಿದ್ದುದು, 2000–05ರ ವೇಳೆಗೆ 4 ಲಕ್ಷ ಟನ್ನುಗಳಷ್ಟಕ್ಕೆ ಕುಗ್ಗಿದ್ದಿತು. ಮಣ್ಣಿನ ಪೂರೈಕೆಯಿಲ್ಲದೆ ಅಲ್ಲಿಯ ದಡವು ಸವೆಯುತ್ತಿದೆ.

ಇದರಿಂದ ತಿಳಿಯತಕ್ಕ ವಿಷಯವೇನೆಂದರೆ, ಹೊಲವನ್ನು ಬಿಟ್ಟ ಮಣ್ಣು ಅಳಿವೆಗೂ ದೊರೆಯದು, ಹೊಲಕ್ಕೂ ಮರಳದು. ನಡುವೆ ನಿಂತು ಜಲಾಶಯದ ನೀರಿನ ಸ್ಥಳವನ್ನು ಆಕ್ರಮಿಸುವುದು. ಆದುದರಿಂದ ಮೇಲ್ಮಣ್ಣನ್ನು ಹೊಲದಲ್ಲಿಯೇ ನಿಲ್ಲಿಸುವುದು ಉತ್ತಮ ಮಾರ್ಗವು.

ಮಳೆಯಾಧಾರದ ಮೆಕ್ಕೆಜೋಳದ ಹೊಲಗಳನ್ನು ಇಳಿಜಾರಿಗೆ ಅಡ್ಡಲಾಗಿ ಉಳತಕ್ಕದ್ದು. ಬದುಗಳನ್ನು ಮುಂಗಾರಿಗೆ ಮುಂಚಿತವಾಗಿಯೇ ಸರಿಪಡಿಸಿ, ಅವುಗಳ ಮೇಲೆ ಲಾವಂಚ ಮೊದಲಾದ ಹುಲ್ಲನ್ನು ಬೆಳೆಸತಕ್ಕದ್ದು. ಕೊರಕಲುಗಳು ಚಿಕ್ಕವಾಗಿರುವಾಗಲೇ ಕಲ್ಲಿನ ಒಡ್ಡುಗಳನ್ನು ಹಾಕತಕ್ಕದ್ದು. ಕೆರೆಗೆ ಇಳಿದ ಗೋಡನ್ನು ಬೇಸಿಗೆಯಲ್ಲಿ ಅನುಮತಿ ಪಡೆದು ತೆಗೆದು ಕೆಂಪುಹೊಲಗಳಿಗೆ ಹರಡಿದರೆ, ಕೆರೆಯೂ ಆಳವಾಗುವುದು, ಹೊಲವೂ ತೇವವನ್ನು ಹಿಡಿಯುವುದು. ಒಬ್ಬನ ಬದು ಒಡೆದರೆ ಕೆಳಗಿನವನ ಹೊಲವೂ ಕೆಡುವುದರಿಂದ, ಒಂದು ಹಳ್ಳಕ್ಕೆ ನೀರಿಳಿಯುವ ಹೊಲಗಳ ಒಡೆಯರೆಲ್ಲರೂ ಕೂಡಿ ಈ ಕೆಲಸವನ್ನು ನಡೆಸುವಂತೆ ಮಾಡುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.