ಬೆಕ್ಕಿಗೂ ಸೊಳ್ಳೆಯ ಕಾಟ: ಹೃದಯದ ಹುಳು ರೋಗ ತಡೆಯುವುದು ಹೇಗೆ?

ಭಟ್ಕಳ, ಹೊನ್ನಾವರ, ಕುಮಟಾದ ಅನೇಕ ಮನೆಗಳಲ್ಲಿ ಬೆಕ್ಕು ಮನೆಯವರಲ್ಲಿ ಒಂದು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದ ವಿಚಾರ ಹದೀಸ್‌ನಲ್ಲಿ ಬಂದಿರುವುದು ನಮಗೆಲ್ಲ ಗೊತ್ತು. ಅನ್ನ, ನೀರಿನಂತೆ ಅದರ ಆರೋಗ್ಯವೂ ಸಾಕಿದವರ ಹೊಣೆ. ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಪಾಯವೆಂದರೆ ಸೊಳ್ಳೆಯಿಂದ ಬರುವ ಹೃದಯದ ಹುಳು ರೋಗ, ಅಂದರೆ ಹಾರ್ಟ್‌ವರ್ಮ್.

ಹೇಗೆ ಬರುತ್ತದೆ?

ಈ ಹುಳು ಮುಖ್ಯವಾಗಿ ನಾಯಿಗಳಲ್ಲಿ ಬೆಳೆಯುತ್ತದೆ. ರೋಗವಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯೊಳಗೆ ಅದರ ಮರಿ ಸುಮಾರು 2 ವಾರದಲ್ಲಿ ಬಲಿಯುತ್ತದೆ. ಆ ಸೊಳ್ಳೆ ಬೆಕ್ಕನ್ನು ಕಚ್ಚಿದರೆ ಹುಳು ದೇಹ ಸೇರಿ, 3-4 ತಿಂಗಳಲ್ಲಿ ಶ್ವಾಸಕೋಶದ ರಕ್ತನಾಳ ತಲುಪುತ್ತದೆ. ಮರಿ ಬಲಿಯಲು ಬೇಕಾದ ಬೆಚ್ಚಗಿನ ಹವೆ ನಮ್ಮ ಕರಾವಳಿಯಲ್ಲಿ ವರ್ಷವಿಡೀ ಇದೆ. ಮನೆಯೊಳಗೇ ಇರುವ ಬೆಕ್ಕಿಗೂ ಸೊಳ್ಳೆ ತಪ್ಪಿದ್ದಲ್ಲ. ಆದರೆ ಬೆಕ್ಕನ್ನು ಮುಟ್ಟುವುದರಿಂದ ಈ ರೋಗ ಮಕ್ಕಳಿಗೆ ಬರುವುದಿಲ್ಲ. ಹೆದರಿ ಬೆಕ್ಕನ್ನು ಹೊರಹಾಕಬೇಡಿ.

ಲಕ್ಷಣಗಳು

ಕೆಮ್ಮು, ದಮ್ಮಿನಂತಹ ಏದುಸಿರು, ಊಟಕ್ಕೆ ಸಂಬಂಧವಿಲ್ಲದ ವಾಂತಿ, ಸೊರಗುವಿಕೆ. ಕೆಲವು ಬೆಕ್ಕುಗಳು ಯಾವ ಸೂಚನೆಯೂ ಇಲ್ಲದೆ ಹಠಾತ್ತಾಗಿ ಸಾಯುತ್ತವೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ 1-3 ಹುಳುಗಳು ಮಾತ್ರ ಇರುವುದರಿಂದ ರಕ್ತಪರೀಕ್ಷೆಯಲ್ಲೂ ಕೆಲವೊಮ್ಮೆ ಸಿಗುವುದಿಲ್ಲ. ಸಿಕ್ಕರೂ, ಬೆಳೆದ ಹುಳುವನ್ನು ಕೊಲ್ಲಲು ಬೆಕ್ಕಿಗೆ ಸುರಕ್ಷಿತವಾದ ಔಷಧಿ ಇಲ್ಲ. ನಾಯಿಗೆ ಕೊಡುವ ಚುಚ್ಚುಮದ್ದು ಬೆಕ್ಕಿಗೆ ಅಪಾಯಕಾರಿ. ವೈದ್ಯರು ಉಸಿರಾಟದ ತೊಂದರೆಯನ್ನು ಶಮನ ಮಾಡಬಲ್ಲರು, ಅಷ್ಟೇ. ಆದ್ದರಿಂದ ತಡೆಯುವುದೇ ನಿಜವಾದ ಚಿಕಿತ್ಸೆ.

ಏನು ಮಾಡಬೇಕು?

• ಪಶುವೈದ್ಯರನ್ನು ಕೇಳಿ, ತಿಂಗಳಿಗೊಮ್ಮೆ ಕೊಡುವ ತಡೆ ಔಷಧಿ ಶುರುಮಾಡಿ. ಕುತ್ತಿಗೆಯ ಹಿಂಭಾಗದ ಚರ್ಮಕ್ಕೆ ಹಾಕುವ ಸೆಲಾಮೆಕ್ಟಿನ್ ಇಂಥದ್ದೊಂದು. 8 ವಾರದ ಮರಿಗೂ ಕೊಡಬಹುದು. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು.

• ತಿಂಗಳು ತಪ್ಪಿಸಬೇಡಿ. ಇದು ಇತ್ತೀಚೆಗೆ ದೇಹ ಸೇರಿದ ಮರಿಹುಳುಗಳನ್ನು ಮಾತ್ರ ಕೊಲ್ಲುತ್ತದೆ, ಬೆಳೆದದ್ದನ್ನಲ್ಲ.

• ನಾಯಿಯ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಹಲವುಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಡುಕ, ಸೆಳೆತ ಬಂದು ಪ್ರಾಣವೇ ಹೋಗಬಹುದು.

• ಎಳನೀರಿನ ಚಿಪ್ಪು, ಅಡಿಕೆ ಹಾಳೆ, ಟಯರ್, ಟಾರ್ಪಾಲಿನ ಮಡಿಕೆಗಳಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಿ. ವುಝೂವಿಗೆ ತುಂಬಿಡುವ ಪಾತ್ರೆ, ಡ್ರಮ್‌ಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ.

• ಕಿಟಕಿಗೆ ಸೊಳ್ಳೆಬಲೆ ಹಾಕಿಸಿ. ಕೆಮ್ಮುವ ಬೆಕ್ಕಿರುವ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆ ಬೇಡ.

ಈ ಸ್ವಚ್ಛತೆ ಬೆಕ್ಕಿಗೆ ಮಾತ್ರವಲ್ಲ. ಇದೇ ಕುಲದ ಇನ್ನೊಂದು ಹುಳು ಮನುಷ್ಯರ ಕಣ್ಣಿನಲ್ಲಿ ಸಿಕ್ಕ ಪ್ರಕರಣಗಳು ಕರಾವಳಿ ಕರ್ನಾಟಕದಿಂದ ವರದಿಯಾಗಿವೆ. ಅದನ್ನು ಹರಡುವುದೂ ಸೊಳ್ಳೆಯೇ. ಡೆಂಗಿ, ಮಲೇರಿಯಾದ ದಾರಿಯೂ ಅದೇ. ಅಂಗಳದ ಒಂದು ಚಿಪ್ಪು ನೀರು ಚೆಲ್ಲಿದರೆ ಮಕ್ಕಳಿಗೂ ರಕ್ಷಣೆ, ಮೂಕ ಜೀವಕ್ಕೂ ರಕ್ಷಣೆ.